ವೀರಕೂಟದ ಚಿತ್ರಕಥೆಯಲ್ಲಿ ಬಂಧದ ಅಸಮತೆ: ‘ಕ್ರೀ–ಸ್ಕ್ರಲ್ ಯುದ್ಧ’ವನ್ನು ಕುರಿತು

ಬೇರೆ ಬೇರೆ ಪತ್ರಿಕೆಗಳಲ್ಲಿ ಸ್ವತಂತ್ರವಾಗಿ ಬಾಳುತ್ತಿರುವ ಅತಿಮಾನುಷ ನಾಯಕರನ್ನು ಒಂದೇ ಕಥೆಯೊಳಗೆ ಕರೆತಂದು ಕೂಡಿಸುವ ಪದ್ಧತಿ ಅಮೆರಿಕದ ಚಿತ್ರಕಥೆಗಳಲ್ಲಿ 1940ರಿಂದಲೂ ನಡೆದುಬಂದಿದೆ. ಇಂಥ ಕಥೆಗಳನ್ನು ನಾವು ಪ್ರಸ್ತುತ ಲೇಖನದಲ್ಲಿ ‘ವೀರಕೂಟದ ಚಿತ್ರಕಥೆ’ ಎಂದು ಕರೆದಿದ್ದೇವೆ. ‘ಕೂಟ’ ಎಂಬ ಮಾತನ್ನು ಇಲ್ಲಿ ಒಗಟು ಎಂಬ ಅರ್ಥದಲ್ಲಲ್ಲ, ಸೇರುವಿಕೆ ಎಂಬ ಅರ್ಥದಲ್ಲಿ ಗ್ರಹಿಸಬೇಕು. ಈ ಪ್ರಕಾರದ ಬಗ್ಗೆ ಓದುಗರೂ ವಿಮರ್ಶಕರೂ ಮರಳಿ ಮರಳಿ ಹೇಳುವ ದೂರೊಂದಿದೆ. ಕಥೆಯ ಓಟ ಏರುಪೇರಾಗಿದೆ. ಒಂದು ಅಧ್ಯಾಯ ಬಿಗಿಯಾಗಿದ್ದರೆ ಮುಂದಿನದು ಸಡಿಲ. ಒಬ್ಬ ನಾಯಕನಿಗೆ ಸಂದ ಅವಕಾಶ ಇನ್ನೊಬ್ಬನಿಗೆ ಸಂದಿಲ್ಲ. ಮೊದಲು ಎತ್ತಿಕೊಂಡ ಸಮಸ್ಯೆ ಕೊನೆಯಲ್ಲಿ ಬೇರೊಂದಾಗಿ ಬಿಡುತ್ತದೆ. ದೂರು ಸುಳ್ಳಲ್ಲ. ಆದರೆ ಅಷ್ಟಕ್ಕೇ ನಿಂತರೆ ಅದು ವಿಮರ್ಶೆಯೂ ಆಗುವುದಿಲ್ಲ. ಅಸಮತೆಯಲ್ಲಿ ಎರಡು ಜಾತಿಗಳಿವೆ ಎಂದು ನಮ್ಮ ಅಭಿಪ್ರಾಯ. ಒಂದು, ಕೃತಿ ನಿರ್ಮಾಣವಾದ ರೀತಿಯಿಂದ ಉಳಿದುಹೋದ ಹೊಲಿಗೆಯ ಗುರುತು. ಇನ್ನೊಂದು, ಆಲೋಚನೆಯೇ ಮುರಿದು ಬಿದ್ದ ಜಾಗ. ಮೊದಲನೆಯದು ದೋಷವೆನ್ನುವುದಕ್ಕಿಂತ ಸಾಕ್ಷ್ಯ; ಎರಡನೆಯದಷ್ಟೇ ನಿಜವಾದ ದೋಷ. ಇವೆರಡನ್ನೂ ಬೇರ್ಪಡಿಸಿ ನೋಡುವುದಕ್ಕೆ ‘ದಿ ಅವೆಂಜರ್ಸ್’ ಪತ್ರಿಕೆಯ 89ರಿಂದ 97ರವರೆಗಿನ ಒಂಬತ್ತು ಸಂಚಿಕೆಗಳನ್ನು ನಾವು ಆರಿಸಿಕೊಂಡಿದ್ದೇವೆ. 1971ರ ಜೂನ್‌ನಿಂದ 1972ರ ಮಾರ್ಚ್‌ವರೆಗಿನ ದಿನಾಂಕ ಹೊತ್ತ ಈ ಸಂಚಿಕೆಗಳ ಕಥೆ ಇಂದು ‘ಕ್ರೀ–ಸ್ಕ್ರಲ್ ಯುದ್ಧ’ ಎಂಬ ಹೆಸರಿನಿಂದ ಪ್ರಸಿದ್ಧವಾಗಿದೆ.

ಮಧ್ಯಕಾಲೀನ ಸಾಹಿತ್ಯದ ಅಭ್ಯಾಸಿಗಳಿಗೆ ಈ ವಿಷಯದಲ್ಲೇನು ಕೆಲಸ ಎಂಬ ಪ್ರಶ್ನೆ ಏಳುವುದು ಸಹಜ. ಹಲವು ಕೈಗಳು ಸೇರಿ ಕಟ್ಟಿದ, ಹಲವು ಬಾರಿ ಪರಿಷ್ಕಾರಗೊಂಡ ಕೃತಿಗಳ ನಡುವೆಯೇ ನಮ್ಮ ದಿನಗಳು ಕಳೆಯುತ್ತವೆ ಎಂಬುದು ಅದಕ್ಕೆ ಉತ್ತರ. ಅಂಥ ಕೃತಿಗಳಲ್ಲಿ ಒಂದು ಕೈ ಎಲ್ಲಿ ಬಿಟ್ಟಿತು, ಇನ್ನೊಂದು ಎಲ್ಲಿ ಹಿಡಿಯಿತು ಎಂಬುದನ್ನು ನಾವು ಊಹೆಯಿಂದ ತಿಳಿಯಬೇಕು. ಚಿತ್ರಕಥೆಯಲ್ಲಾದರೋ ಪ್ರತಿಯೊಂದು ಸಂಚಿಕೆಯ ತಿಂಗಳು, ಬೆಲೆ, ಕಥೆಗಾರ, ರೇಖಾಚಿತ್ರಕಾರ, ಮಸಿಕಾರ ಎಲ್ಲವೂ ದಾಖಲಾಗಿವೆ. ಸಂಯುಕ್ತ ಕೃತಿಯೊಂದು ಹೇಗೆ ಆಗುತ್ತದೆ ಎಂಬುದನ್ನು ಹಗಲು ಬೆಳಕಿನಲ್ಲಿ ನೋಡುವ ಅವಕಾಶ ಇಲ್ಲಿದೆ.

ಮೊದಲು ಪ್ರಕಾರದ ಹುಟ್ಟನ್ನು ನೋಡಬೇಕು. 1940–41ರ ಚಳಿಗಾಲದ ‘ಆಲ್ ಸ್ಟಾರ್ ಕಾಮಿಕ್ಸ್’ ಮೂರನೆಯ ಸಂಚಿಕೆಯಲ್ಲಿ ‘ಜಸ್ಟಿಸ್ ಸೊಸೈಟಿ ಆಫ್ ಅಮೆರಿಕ’ ಎಂಬ ಮೊದಲ ವೀರಕೂಟ ಕಾಣಿಸಿಕೊಂಡಿತು. ಸಂಪಾದಕ ಶೆಲ್ಡನ್ ಮೇಯರ್, ಕಥೆಗಾರ ಗಾರ್ಡ್ನರ್ ಫಾಕ್ಸ್. ಫ್ಲ್ಯಾಶ್, ಹಾಕ್‌ಮನ್, ಗ್ರೀನ್ ಲ್ಯಾಂಟರ್ನ್, ಡಾಕ್ಟರ್ ಫೇಟ್, ಸ್ಪೆಕ್ಟರ್, ಆಟಮ್, ಸ್ಯಾಂಡ್‌ಮನ್, ಅವರ್‌ಮನ್ ಎಂಬ ಎಂಟು ಮಂದಿ ಒಂದು ಮೇಜಿನ ಸುತ್ತ ಕುಳಿತು ಒಬ್ಬೊಬ್ಬರಾಗಿ ತಮ್ಮ ತಮ್ಮ ಸಾಹಸವನ್ನು ಹೇಳುತ್ತಾರೆ. ಜೊತೆಯಾಗಿ ಅವರು ಮಾಡುವುದು ಊಟ ಮತ್ತು ಮಾತು, ಅಷ್ಟೆ. ಪ್ರತಿಯೊಬ್ಬನ ಕಥೆಯನ್ನು ಬರೆದಿರುವುದು ಆತನ ಸ್ವಂತ ಪತ್ರಿಕೆಯ ಚಿತ್ರಕಾರ. ಆದ್ದರಿಂದ ಪುಟ ತಿರುವಿದಾಗಲೆಲ್ಲ ರೇಖೆಯ ಗುಣವೇ ಬದಲಾಗುತ್ತದೆ. ಕಥಾಚೌಕಟ್ಟಿನೊಳಗೆ ಉಪಕಥೆಗಳನ್ನು ಪೋಣಿಸುವ ಈ ಕ್ರಮ ಬೃಹತ್ಕಥೆಯ ಪರಂಪರೆಯನ್ನು ಬಲ್ಲ ನಮಗೆ ಹೊಸದಲ್ಲ. ನಾಲ್ಕನೆಯ ಸಂಚಿಕೆಯಿಂದ ಅವರು ಒಂದೇ ಕಾರ್ಯಕ್ಕೆ ಹೊರಟರಾದರೂ ಆರಂಭದಲ್ಲಿ ಸೇರಿ, ನಡುವೆ ಚದುರಿ, ಕೊನೆಗೆ ಮತ್ತೆ ಸೇರುವ ಕ್ರಮವೇ ಮುಂದುವರಿಯಿತು. 1960ರಲ್ಲಿ ‘ಜಸ್ಟಿಸ್ ಲೀಗ್’ ಹುಟ್ಟಿದಾಗ ಅದೇ ಫಾಕ್ಸ್ ಅದೇ ಅಚ್ಚನ್ನು ಅದಕ್ಕೂ ಬಳಸಿದರು.

ಇದರಿಂದ ತಿಳಿಯಬೇಕಾದುದು ಇಷ್ಟು. ವೀರಕೂಟದ ಚಿತ್ರಕಥೆ ಏಕವಸ್ತುವಾಗಿ ಹುಟ್ಟಿ ಆಮೇಲೆ ಒಡೆದದ್ದಲ್ಲ. ಅದು ಸಂಕಲನವಾಗಿ ಹುಟ್ಟಿ, ಕ್ರಮೇಣ ಏಕವಸ್ತುವಾಗಲು ಹೆಣಗಿದ ರೂಪ. ಆದುದರಿಂದ ಮಹಾಕಾವ್ಯದ ಸಂಧಿಗಳನ್ನು ಹುಡುಕುವ ಕಣ್ಣಿನಿಂದ ಇದನ್ನು ಅಳೆದರೆ ಪ್ರತಿಸಲವೂ ಕೊರತೆಯೇ ಕಾಣುವುದು.

‘ಅವೆಂಜರ್ಸ್’ 1963ರಲ್ಲಿ ಸ್ಟಾನ್ ಲೀ ಮತ್ತು ಜ್ಯಾಕ್ ಕರ್ಬಿ ಅವರಿಂದ ಆರಂಭವಾಯಿತು. 1966ರ ಅಂತ್ಯದ ಹೊತ್ತಿಗೆ ಅದರ ಬರವಣಿಗೆ ರಾಯ್ ಥಾಮಸ್ ಅವರ ಪಾಲಿಗೆ ಬಂತು. ಥಾಮಸ್ ಮೊದಲು ಮಿಸ್ಸೂರಿ ಸೀಮೆಯಲ್ಲಿ ಶಾಲಾ ಉಪಾಧ್ಯಾಯರು. ಬಾಲ್ಯದಲ್ಲಿ ‘ಆಲ್ ಸ್ಟಾರ್’ ಸಂಚಿಕೆಗಳನ್ನು ಓದಿ ಬೆಳೆದವರು. 1961ರಲ್ಲಿ ಜೆರ್ರಿ ಬೇಲ್ಸ್ ಆರಂಭಿಸಿದ ‘ಆಲ್ಟರ್ ಈಗೋ’ ಎಂಬ ಅಭಿಮಾನಿಗಳ ಪತ್ರಿಕೆಯಲ್ಲಿ ದುಡಿದವರು. ಓದುಗನೇ ಕರ್ತೃವಾದ ಈ ಸಂಗತಿಯನ್ನು ಮನಸ್ಸಿನಲ್ಲಿ ಇಟ್ಟುಕೊಳ್ಳಬೇಕು. ಕಥೆಯ ಮುಕ್ತಾಯ ಅದರ ಮೇಲೆಯೇ ನಿಂತಿದೆ.

ಕಥಾವಸ್ತುವನ್ನು ಸಂಕ್ಷೇಪವಾಗಿ ಹೇಳುವುದಾದರೆ: ಕ್ರೀ ಮತ್ತು ಸ್ಕ್ರಲ್ ಎಂಬುವು ಎರಡು ಅನ್ಯಲೋಕದ ಸಾಮ್ರಾಜ್ಯಗಳು. ಮೊದಲನೆಯದು ಸೈನಿಕ ಶಿಸ್ತಿನದು. ಎರಡನೆಯದರ ಪ್ರಜೆಗಳು ಬೇಕಾದ ರೂಪ ತಾಳಬಲ್ಲ ಕಾಮರೂಪಿಗಳು. ಇವೆರಡರ ಹಗೆಯ ನಡುವೆ ಭೂಮಿ ಒಂದು ಸಣ್ಣ ದ್ವೀಪದಂತೆ ಸಿಕ್ಕಿಕೊಳ್ಳುತ್ತದೆ. ರೇಮಂಡ್ ಜೋನ್ಸ್ ಅವರ ‘ದಿಸ್ ಐಲ್ಯಾಂಡ್ ಅರ್ತ್’ ಎಂಬ 1952ರ ಕಾದಂಬರಿ ಮತ್ತು 1955ರಲ್ಲಿ ಅದರಿಂದಾದ ಚಲನಚಿತ್ರ ಈ ಕಲ್ಪನೆಗೆ ಮೂಲವೆಂದು ಥಾಮಸ್ ಅವರೇ ತಿಳಿಸಿದ್ದಾರೆ. ಕ್ರೀ ಕುಲದವನಾಗಿದ್ದು ತನ್ನವರಿಗೆ ದ್ರೋಹಿಯೆನಿಸಿಕೊಂಡ ಕ್ಯಾಪ್ಟನ್ ಮಾರ್ವೆಲ್, ಅವನಿಗೆ ವಿಚಿತ್ರ ಬಂಧನದಿಂದ ಬೆಸೆದುಕೊಂಡಿರುವ ರಿಕ್ ಜೋನ್ಸ್ ಎಂಬ ಸಾಮಾನ್ಯ ತರುಣ, ಇವರಿಬ್ಬರಿಂದ ಕಥೆ ತೊಡಗುತ್ತದೆ. ರೋನನ್ ಎಂಬ ಕ್ರೀ ದಂಡಾಧಿಕಾರಿ ಭೂಮಿಯ ಜೀವಕುಲವನ್ನು ಆದಿಮ ಸ್ಥಿತಿಗೆ ಹಿಂದಿರುಗಿಸಲು ಧ್ರುವಪ್ರದೇಶದಲ್ಲಿ ಹೂಡಿದ ಯತ್ನ ಮೊದಲ ಮೂರು ಸಂಚಿಕೆಗಳ ವಿಷಯ. ಆ ಸುದ್ದಿ ಹೊರಬಿದ್ದು ಅನ್ಯಲೋಕದವರ ಭಯ ಜನರಲ್ಲಿ ಹಬ್ಬುವುದು ನಾಲ್ಕನೆಯದರಲ್ಲಿ. ಆಮೇಲೆ ಸ್ಕ್ರಲ್ಲರು, ಇನ್‌ಹ್ಯೂಮನ್ಸ್ ಎಂಬ ಗುಪ್ತ ಜನಾಂಗ, ಆಕಾಶಯಾನ, ಎರಡು ನೌಕಾಬಲಗಳ ಘರ್ಷಣೆ. ಕೊನೆಗೆ ಒಬ್ಬ ತರುಣನ ಮನಸ್ಸಿನಿಂದ ಯುದ್ಧದ ಶಮನ.

ಇಲ್ಲಿ ಏರುಪೇರು ಎಲ್ಲಿದೆ? ಎಲ್ಲೆಲ್ಲೂ ಇದೆ. ಮೊದಲ ನಾಲ್ಕು ಸಂಚಿಕೆಗಳ ಚಿತ್ರಕಾರ ಸಾಲ್ ಬುಸೆಮಾ. ಅವರದು ಸ್ಪಷ್ಟವಾದ, ಅವಸರವಿಲ್ಲದ, ಕಥೆಗೆ ತಾನು ಅಡ್ಡಬಾರದ ರೇಖೆ. ಐದನೆಯದರಿಂದ, ಎಂದರೆ 93ನೆಯ ಸಂಚಿಕೆಯಿಂದ, ನೀಲ್ ಆಡಮ್ಸ್ ಬರುತ್ತಾರೆ. ಜಾಹೀರಾತು ಕಲೆಯಲ್ಲಿಯೂ ದಿನಪತ್ರಿಕೆಯ ಚಿತ್ರಪಟ್ಟಿಯಲ್ಲಿಯೂ ಪಳಗಿದ ಅವರದು ಛಾಯಾಚಿತ್ರದ ಹತ್ತಿರ ಹೋಗುವ ಅಂಗರಚನೆ, ಓರೆಯಾಗಿ ಕತ್ತರಿಸಿದ ಚೌಕಗಳು, ಓದುಗನ ಮೈಮೇಲೆ ಬೀಳುವಂಥ ಕೋನಗಳು. ಮಸಿಯ ಕೆಲಸ ಟಾಮ್ ಪಾಮರ್ ಅವರದು. ನಡುವೆ 94ರಲ್ಲಿ ಸ್ವಲ್ಪ ಭಾಗವನ್ನೂ 97ನೆಯ ಸಂಚಿಕೆಯನ್ನೂ ಸಾಲ್ ಅವರ ಅಣ್ಣ ಜಾನ್ ಬುಸೆಮಾ ಬರೆದಿದ್ದಾರೆ. ಮೂವರ ಕೈ, ಮೂರು ಲೋಕ. ಅದೇ ಪಾತ್ರ ಒಂದು ಸಂಚಿಕೆಯಲ್ಲಿ ಆಟದ ಬೊಂಬೆಯಂತೆಯೂ ಮುಂದಿನದರಲ್ಲಿ ಬೆವರಿದ ಮನುಷ್ಯನಂತೆಯೂ ಕಾಣುತ್ತದೆ.

ಇದು ಹೊರ ನೋಟದ ವ್ಯತ್ಯಾಸ ಮಾತ್ರವಲ್ಲ. ಆ ಪ್ರಕಾಶನ ಸಂಸ್ಥೆಯಲ್ಲಿ ಅಂದು ನಡೆಯುತ್ತಿದ್ದ ಕ್ರಮದ ಪ್ರಕಾರ ಕಥೆಗಾರ ಕಥೆಯ ಹಂದರವನ್ನಷ್ಟೇ ಕೊಡುತ್ತಿದ್ದ. ಅದನ್ನು ಪುಟಗಳಿಗೆ ಹಂಚುವವನು ಚಿತ್ರಕಾರ. ಚಿತ್ರ ಮುಗಿದ ಮೇಲೆ ಕಥೆಗಾರ ಮಾತುಗಳನ್ನು ತುಂಬುತ್ತಿದ್ದ. ಎಂದ ಮೇಲೆ ಯಾವ ಘಟನೆಗೆ ಎಷ್ಟು ಪುಟ, ಎಲ್ಲಿ ನಿಲ್ಲಬೇಕು, ಎಲ್ಲಿ ಓಡಬೇಕು ಎಂಬ ತೀರ್ಮಾನವೇ ಬಹುಮಟ್ಟಿಗೆ ಚಿತ್ರಕಾರನದು. ಕಥನದ ಗತಿ ಯಾರ ಕೈಯಲ್ಲಿದೆಯೋ ಕರ್ತೃತ್ವವೂ ಅಷ್ಟರಮಟ್ಟಿಗೆ ಅವರದೇ. ಈ ಕಥೆಯ ಕಲ್ಪನೆಯಲ್ಲಿ ತಮ್ಮ ಪಾಲೆಷ್ಟು ಎಂಬ ಬಗ್ಗೆ ಆಡಮ್ಸ್ ಮತ್ತು ಥಾಮಸ್ ಅವರು ಮುಂದೆ ಭಿನ್ನ ಹೇಳಿಕೆಗಳನ್ನು ಕೊಟ್ಟರು; ಆಡಮ್ಸ್ 2022ರಲ್ಲಿ ತೀರಿಕೊಳ್ಳುವವರೆಗೂ ಆ ವಿವಾದ ಒಮ್ಮತಕ್ಕೆ ಬರಲಿಲ್ಲ. ನಮ್ಮ ದೃಷ್ಟಿಯಲ್ಲಿ ಇದು ಇಬ್ಬರಲ್ಲೊಬ್ಬರು ಸುಳ್ಳಾಡಿದರೆಂಬುದಕ್ಕೆ ಸಾಕ್ಷಿಯಲ್ಲ. ಆ ವಿಧಾನದಲ್ಲಿ ಕರ್ತೃತ್ವದ ಗಡಿ ಎಳೆಯುವುದೇ ಕಷ್ಟ ಎಂಬುದಕ್ಕೆ ಸಾಕ್ಷಿ.

93ನೆಯ ಸಂಚಿಕೆಯ ಒಂದು ಪ್ರಕರಣವನ್ನು ಇಲ್ಲಿ ಸ್ವಲ್ಪ ವಿಸ್ತಾರವಾಗಿ ನೋಡುವುದು ಉಚಿತ. ವಿಷನ್ ಎಂಬ ಯಂತ್ರಮಾನವ ತತ್ತರಿಸಿ ಬಂದು ಕೂಟದ ಮುಂದೆ ಕುಸಿದು ಬೀಳುತ್ತಾನೆ. ಇರುವೆಯ ಗಾತ್ರಕ್ಕೆ ಕುಗ್ಗಬಲ್ಲ ಆಂಟ್‌ಮನ್ ತನ್ನ ಇರುವೆಗಳೊಡನೆ ಅವನ ದೇಹದೊಳಗೆ ಇಳಿದು ಅದನ್ನು ಸರಿಪಡಿಸುತ್ತಾನೆ. ಯುದ್ಧದ ಕಥೆಗೂ ಇದಕ್ಕೂ ಸಂಬಂಧ ಅತ್ಯಲ್ಪ. ಆದರೂ ಪುಟದ ಮೇಲೆ ಪುಟ ಆ ಒಳಲೋಕದ ವರ್ಣನೆಗೆ ಮೀಸಲಾಗಿದೆ. ಇಡೀ ಒಂಬತ್ತು ಸಂಚಿಕೆಗಳಲ್ಲಿ ಓದುಗರು ಇಂದಿಗೂ ನೆನಪಿಟ್ಟುಕೊಂಡಿರುವುದು ಇದನ್ನೇ. ನಮ್ಮ ಕಾವ್ಯಗಳ ಅಷ್ಟಾದಶ ವರ್ಣನೆಗಳನ್ನು ಓದಿ ಪಳಗಿದವರಿಗೆ ಇಂಥ ಕಡೆ ತಾಳ್ಮೆ ತಪ್ಪುವುದಿಲ್ಲ. ಕಥೆ ನಿಂತಿತೆಂಬುದು ನಿಜ. ಕವಿ ತನ್ನ ಶಕ್ತಿಯನ್ನು ತೋರಲು ನಿಂತ ಜಾಗ ಅದು. ಇದಕ್ಕೆ ಒಂದು ಲೌಕಿಕ ಕಾರಣವೂ ಉಂಟು. 1971ರ ನವೆಂಬರ್ ತಿಂಗಳಿನ ಸಂಚಿಕೆಗಳಲ್ಲಿ ಆ ಪ್ರಕಾಶಕರು ಬೆಲೆಯನ್ನು 15 ಸೆಂಟಿನಿಂದ 25ಕ್ಕೆ ಏರಿಸಿ ಪುಟಗಳನ್ನೂ ಹೆಚ್ಚಿಸಿದರು. ಮರುತಿಂಗಳೇ ಪುಟಗಳನ್ನು ತಗ್ಗಿಸಿ ಬೆಲೆಯನ್ನು 20 ಸೆಂಟಿಗೆ ಇಳಿಸಿದರು. ಆ ಒಂದೇ ತಿಂಗಳ ವೈಶಾಲ್ಯ ಈ ಪ್ರಕರಣಕ್ಕೆ ಒದಗಿಬಂತು. ಬಂಧದ ವಿಸ್ತಾರ ಸಂಕೋಚಗಳನ್ನು ಅಂಗಡಿಯ ಬೆಲೆಪಟ್ಟಿ ನಿರ್ಧರಿಸಿದ ಉದಾಹರಣೆ ಇದು. ತಾಳೆಗರಿಯ ಅಳತೆ ಪದ್ಯದ ವಿನ್ಯಾಸವನ್ನು ಪ್ರಭಾವಿಸಿದ್ದುಂಟೆ ಎಂದು ಕೇಳುವವರು ಇದನ್ನೂ ಗಮನಿಸಬಹುದು.

ಇನ್ನೊಂದು ಕಾರಣ ಇದಕ್ಕಿಂತ ಮುಖ್ಯವಾದುದು. ಕ್ಯಾಪ್ಟನ್ ಮಾರ್ವೆಲ್‌ನ ಸ್ವಂತ ಪತ್ರಿಕೆ 1970ರಲ್ಲಿ 21ನೆಯ ಸಂಚಿಕೆಯೊಡನೆ ನಿಂತುಹೋಗಿತ್ತು. ಇನ್‌ಹ್ಯೂಮನ್ಸ್ ಕಥೆಯನ್ನು ಥಾಮಸ್ ಮತ್ತು ಆಡಮ್ಸ್ ಅವರೇ ‘ಅಮೇಜಿಂಗ್ ಅಡ್ವೆಂಚರ್ಸ್’ ಎಂಬ ಇನ್ನೊಂದು ಪತ್ರಿಕೆಯಲ್ಲಿ 1971ರಲ್ಲಿ ನಡೆಸಿ ನಡುವೆ ಬಿಟ್ಟಿದ್ದರು. ಆ ಜನಾಂಗದ ಅರಸ ಬ್ಲ್ಯಾಕ್ ಬೋಲ್ಟ್ ನೆನಪು ಕಳೆದುಕೊಂಡು ಸ್ಯಾನ್ ಫ್ರಾನ್ಸಿಸ್ಕೊ ನಗರದಲ್ಲಿ ಅಲೆಯುತ್ತಿದ್ದ ಎಳೆ ಅಲ್ಲಿನದು. 1962ರ ‘ಫೆಂಟಾಸ್ಟಿಕ್ ಫೋರ್’ ಎರಡನೆಯ ಸಂಚಿಕೆಯಲ್ಲಿ ಸೋತ ಸ್ಕ್ರಲ್ಲರನ್ನು ಸಂಮೋಹನದಿಂದ ಹಸುಗಳಾಗಿಸಿ ಹುಲ್ಲುಗಾವಲಿಗೆ ಬಿಟ್ಟದ್ದು ಲೀ ಮತ್ತು ಕರ್ಬಿಯವರ ಹಾಸ್ಯಪ್ರಸಂಗ. ಒಂಬತ್ತು ವರ್ಷಗಳ ಮೇಲೆ ಆ ಹಸುಗಳೂ ಇಲ್ಲಿಗೆ ಬರುತ್ತವೆ, ಬಹು ಗಂಭೀರವಾಗಿ. ಹೀಗೆ ಈ ಒಂಬತ್ತು ಸಂಚಿಕೆಗಳು ಬೇರೆಡೆ ಮನೆ ಕಳೆದುಕೊಂಡ ಕಥೆಗಳಿಗೆ ಒಂದು ಛತ್ರವಾಗಿವೆ. ಛತ್ರದಲ್ಲಿ ಎಲ್ಲರಿಗೂ ಒಂದೇ ಪಂಕ್ತಿಯಲ್ಲಿ ಎಲೆ ಹಾಕಲಾಗದು. ಸಂಚಿಕೆಗಳ ಶೀರ್ಷಿಕೆಗಳನ್ನು ನೋಡಿದರೂ ಸಾಕು. 93ನೆಯದು ಜೋನ್ಸ್ ಅವರ ಕಾದಂಬರಿಯನ್ನೂ, 95ನೆಯದು ರೇ ಬ್ರ್ಯಾಡ್‌ಬರಿಯವರ, 96ನೆಯದು ಮೈಕೆಲ್ ಕ್ರೈಟನ್ ಅವರ, 97ನೆಯದು ಆರ್ಥರ್ ಕ್ಲಾರ್ಕ್ ಅವರ ಕಾದಂಬರಿಗಳನ್ನೂ ನೆನಪಿಸುತ್ತವೆ. ಹಳೆಯ ಉಪಾಧ್ಯಾಯರ ಅಭಿರುಚಿ ಹೀಗೆ ಬಾಗಿಲಲ್ಲೇ ಕಾಣಸಿಗುತ್ತದೆ.

ಈ ಬಗೆಯ ಅಸಮತೆಯನ್ನು ಮೊದಲೇ ಒಪ್ಪಂದ ಮಾಡಿಕೊಂಡು ನಿವಾರಿಸಿದರೆ ಏನಾಗುವುದೆಂಬುದಕ್ಕೆ 1976ರ ‘ಸೂಪರ್‌ಮ್ಯಾನ್ ಮತ್ತು ಸ್ಪೈಡರ್‌ಮ್ಯಾನ್’ ಸಂಚಿಕೆ ಸಾಕ್ಷಿ. ಎರಡು ಪ್ರತಿಸ್ಪರ್ಧಿ ಪ್ರಕಾಶಕರು ಕೂಡಿ ಹೊರತಂದ ಆ ದೊಡ್ಡ ಗಾತ್ರದ ಪುಸ್ತಕದ ಕಥೆ ಜೆರ್ರಿ ಕಾನ್ವೇ ಅವರದು, ಚಿತ್ರ ರಾಸ್ ಆಂಡ್ರು ಅವರದು, ಮಸಿ ಡಿಕ್ ಜಿಯೋರ್ಡಾನೊ ಅವರದು. ಒಬ್ಬ ನಾಯಕನಿಗೆ ಒಂದು ಪೀಠಿಕೆಯಾದರೆ ಇನ್ನೊಬ್ಬನಿಗೂ ಒಂದು; ಅವನ ಕಡೆಯ ಖಳನಿಗೆ ಸರಿಸಮವಾಗಿ ಇವನ ಕಡೆಯ ಖಳ. ತಕ್ಕಡಿ ಎಲ್ಲಿಯೂ ಅಲುಗದು. ಓದಿ ಮುಗಿಸಿದ ಮೇಲೆ ನೆನಪಿನಲ್ಲಿ ಉಳಿಯುವುದೂ ತಕ್ಕಡಿಯೇ.

ಈಗ ನಮ್ಮ ಕ್ಷೇತ್ರದ ಒಂದು ನಿದರ್ಶನ. ಶೂನ್ಯಸಂಪಾದನೆಯನ್ನು ಇಂಥ ಚಿತ್ರಕಥೆಯೊಡನೆ ಸಮೀಕರಿಸುವ ಉದ್ದೇಶ ನಮಗಿಲ್ಲ. ಅವೆರಡರ ಘನತೆ, ಗುರಿ, ಓದುಗವರ್ಗ ಎಲ್ಲವೂ ಬೇರೆ. ಆದರೆ ರಚನೆಯ ದೃಷ್ಟಿಯಿಂದ ಅದೂ ಒಂದು ಕೂಟವೇ. ಹನ್ನೆರಡನೆಯ ಶತಮಾನದ ಶರಣರು ಬೇರೆ ಬೇರೆ ಸಂದರ್ಭಗಳಲ್ಲಿ ಹೇಳಿದ ವಚನಗಳನ್ನು ಹದಿನೈದನೆಯ ಶತಮಾನದಲ್ಲಿ ಶಿವಗಣಪ್ರಸಾದಿ ಮಹಾದೇವಯ್ಯನು ಸಂವಾದದ ಚೌಕಟ್ಟಿನಲ್ಲಿ ಜೋಡಿಸಿದನು. ಅಲ್ಲಮ, ಬಸವಣ್ಣ, ಚೆನ್ನಬಸವಣ್ಣ, ಅಕ್ಕ, ಸಿದ್ಧರಾಮ, ಪ್ರತಿಯೊಬ್ಬರೂ ತಮ್ಮದೇ ನುಡಿಯೊಡನೆ ಬಂದು ಕೂಡುತ್ತಾರೆ. ಒಬ್ಬರ ಶೈಲಿ ಇನ್ನೊಬ್ಬರದಲ್ಲ. ಒಂದು ವಚನ ಹುಟ್ಟಿದ ಸನ್ನಿವೇಶವೂ ಸಂಕಲನಕಾರ ಅದಕ್ಕೆ ಕಲ್ಪಿಸಿದ ಸನ್ನಿವೇಶವೂ ಕೆಲವೆಡೆ ತಾಳೆಯಾಗುವುದಿಲ್ಲ. ಅಂಥ ಸ್ಥಳಗಳನ್ನು ವಿದ್ವಾಂಸರು ದೋಷವೆಂದು ತಳ್ಳದೆ ಸಂಕಲನಕಾರನ ಉದ್ದೇಶವನ್ನು ಬಯಲುಮಾಡುವ ಕಿಂಡಿಗಳೆಂದು ಬಳಸಿಕೊಂಡಿದ್ದಾರೆ. ಮೊದಲ ಸಂಪಾದನೆಯಲ್ಲಿ ಇಲ್ಲದ ಸಿದ್ಧರಾಮನ ಇಷ್ಟಲಿಂಗದೀಕ್ಷೆಯ ಪ್ರಸಂಗ ಹಲಗೆಯಾರ್ಯನ ಪರಿಷ್ಕರಣದಲ್ಲಿ ಸೇರಿತು. ಮುಂದೆ ಗುಮ್ಮಳಾಪುರದ ಸಿದ್ಧಲಿಂಗಯತಿ, ಗೂಳೂರು ಸಿದ್ಧವೀರಣ್ಣೊಡೆಯರ ಪರಿಷ್ಕರಣಗಳು ಬಂದವು. ಹೊಲಿಗೆಯನ್ನು ನೋಡಿದವನಿಗೆ ಹೊಲಿದವನ ಮನಸ್ಸೂ ತಿಳಿಯುತ್ತದೆ. ಈ ಶಿಸ್ತನ್ನು ವಚನಸಾಹಿತ್ಯದ ಅಧ್ಯಯನದಿಂದ ಪಡೆದ ನಾವು ಅದನ್ನು ಬೇರೆಡೆ ಪ್ರಯೋಗಿಸಲು ಸಂಕೋಚಪಡಬೇಕಾಗಿಲ್ಲ.

ಇಲ್ಲಿಯವರೆಗೆ ಹೇಳಿದ್ದು ಹೊಲಿಗೆಯ ಮಾತು. ಮುರಿದ ಜಾಗ ಬೇರೆ ಇದೆ.

92ನೆಯ ಸಂಚಿಕೆ ಈ ಕಥೆಯ ನೈತಿಕ ಕೇಂದ್ರ. ಎಚ್. ವಾರನ್ ಕ್ರ್ಯಾಡಕ್ ಎಂಬ ರಾಜಕಾರಣಿ ಅನ್ಯಲೋಕದವರ ಚಟುವಟಿಕೆಗಳ ವಿಚಾರಣೆಗೆ ಒಂದು ಆಯೋಗ ಕಟ್ಟಿ, ಕ್ಯಾಪ್ಟನ್ ಮಾರ್ವೆಲ್‌ನಿಗೆ ಆಶ್ರಯ ಕೊಟ್ಟ ಅವೆಂಜರ್ಸ್ ಕೂಟವನ್ನು ಪ್ರಶ್ನೆಗೆ ಗುರಿಪಡಿಸುತ್ತಾನೆ. 1950ರ ದಶಕದ ಮೊದಲಲ್ಲಿ ಸೆನೆಟರ್ ಜೋಸೆಫ್ ಮೆಕಾರ್ಥಿ ನಡೆಸಿದ ಕಮ್ಯುನಿಸ್ಟ್ ಬೇಟೆಯ ನೆನಪು ಇಲ್ಲಿ ಬೇಕೆಂದೇ ತಂದದ್ದು. ಚಿತ್ರಕಥೆಯ ಉದ್ಯಮಕ್ಕೂ ಆ ಕಾಲದ ಗಾಯ ತಗುಲಿತ್ತು. 1954ರಲ್ಲಿ ಸೆನೆಟ್ಟಿನ ಉಪಸಮಿತಿಯೊಂದು ಬಾಲಾಪರಾಧಕ್ಕೆ ಚಿತ್ರಕಥೆಗಳು ಕಾರಣವೇ ಎಂದು ವಿಚಾರಣೆ ನಡೆಸಿತು. ಅದರ ಹಿಂದೆಯೇ ಪ್ರಕಾಶಕರು ತಮ್ಮ ಮೇಲೆ ತಾವೇ ‘ಕಾಮಿಕ್ಸ್ ಕೋಡ್’ ಎಂಬ ನಿಯಮಾವಳಿಯನ್ನು ಹೇರಿಕೊಂಡರು. ಅನುಮಾನವೇ ಆಡಳಿತವಾದಾಗ ಏನಾಗುತ್ತದೆಂಬುದನ್ನು ಆ ಉದ್ಯಮ ಬಲ್ಲದು. ಅಪರಿಚಿತನನ್ನು ಅಪರಿಚಿತನೆಂಬ ಕಾರಣಕ್ಕೇ ಬೇಟೆಯಾಡುವುದು ಅನ್ಯಾಯ ಎಂಬುದು ಈ ಸಂಚಿಕೆಯ ನಿಲುವು. ಮಾರ್ವೆಲ್ ಹುಟ್ಟಿನಿಂದ ಕ್ರೀ ಆದರೂ ನಡತೆಯಿಂದ ಮಿತ್ರ. ಅವನನ್ನು ಒಪ್ಪಿಸದಿರುವುದೇ ಕೂಟದ ಧರ್ಮ. ಇಷ್ಟು ಸ್ಪಷ್ಟವಾದ ವಿಚಾರ ಆ ಕಾಲದ ವೀರಕೂಟದ ಕಥೆಗಳಲ್ಲಿ ವಿರಳ. ಸಂಚಿಕೆಯ ಕೊನೆಯಲ್ಲಿ ಥಾರ್, ಐರನ್ ಮ್ಯಾನ್, ಕ್ಯಾಪ್ಟನ್ ಅಮೆರಿಕ ಈ ಮೂವರು ಹಿರಿಯರು ಬಂದು ಕಿರಿಯರನ್ನು ಛೀಮಾರಿ ಮಾಡಿ ಕೂಟವನ್ನೇ ವಿಸರ್ಜಿಸುತ್ತಾರೆ. ಭಯಕ್ಕೆ ಮಣಿದ ಹಿರಿಯರು, ನ್ಯಾಯಕ್ಕೆ ನಿಂತ ಕಿರಿಯರು: ನಿಜವಾದ ಧರ್ಮಸಂಕಟ ಏರ್ಪಟ್ಟಿತು ಎನ್ನಿಸುತ್ತದೆ.

ಮರುಸಂಚಿಕೆಯಲ್ಲೇ ಆ ಸಂಕಟ ಕರಗಿಹೋಗುತ್ತದೆ. ಬಂದ ಮೂವರು ನಿಜವಾದ ಹಿರಿಯರಲ್ಲ, ವೇಷ ಹಾಕಿದ ಸ್ಕ್ರಲ್ಲರು ಎಂದು ಗೊತ್ತಾಗುತ್ತದೆ. ಮೇಲೆ ಹೇಳಿದ ಹಸುಗಳೇ ಅವರು. ಕೊನೆಯ ಸಂಚಿಕೆಯಲ್ಲಿ ಇದಕ್ಕಿಂತ ದೊಡ್ಡ ಕುಸಿತವಿದೆ. ಕ್ರ್ಯಾಡಕ್ ಎನಿಸಿಕೊಂಡು ಜನರನ್ನು ಕೆರಳಿಸಿದವನೂ ವೇಷಧಾರಿ ಸ್ಕ್ರಲ್ಲನೆಂದು ಬಯಲಾಗಿ, ಅವನೇ ಕೆರಳಿಸಿದ ಗುಂಪು ಅವನ ಮೇಲೆಯೇ ಎರಗುತ್ತದೆ. ಕೌಶಲದ ತಿರುವೆಂದು ಇದನ್ನು ಮೆಚ್ಚುವವರಿದ್ದಾರೆ. ನಾವು ಒಪ್ಪಲಾರೆವು. ಅನ್ಯರು ವೇಷ ಮರೆಸಿಕೊಂಡು ನಮ್ಮ ನಡುವೆ ಇದ್ದಾರೆ ಎಂಬುದೇ ಕ್ರ್ಯಾಡಕ್‌ನ ಆರೋಪವಾಗಿತ್ತು. ಅವನೇ ಅಂಥವನಾಗಿದ್ದರೆ ಆರೋಪ ನಿಜವಾಯಿತು. ಅನುಮಾನದ ವಿರುದ್ಧ ಎದ್ದ ಕಥೆ ಅನುಮಾನವನ್ನೇ ಸಮರ್ಥಿಸಿ ಮುಗಿಯಿತು. ಅಷ್ಟೇ ಅಲ್ಲ, ದ್ವೇಷವನ್ನು ಬಿತ್ತಿದವರು ನಮ್ಮವರಲ್ಲ, ಹೊರಗಿನವರು ಎಂದ ಕೂಡಲೇ ನಮ್ಮವರು ಪಾರಾದರು. ಗುಂಪಿನ ಹಿಂಸೆಗೂ ಒಂದು ಬಗೆಯ ನ್ಯಾಯ ಸಿಕ್ಕಂತಾಯಿತು. ಮೆಕಾರ್ಥಿ ಬೇರೆ ಲೋಕದಿಂದ ಇಳಿದು ಬಂದವನಲ್ಲ. ವಿಸ್ಕಾನ್ಸಿನ್ ರಾಜ್ಯದ ಮತದಾರರು ಎರಡು ಬಾರಿ ಆರಿಸಿ ಕಳಿಸಿದ ವ್ಯಕ್ತಿ.

ಇದಕ್ಕೆ ಪುಟಗಳ ಮಿತಿಯಾಗಲಿ, ಚಿತ್ರಕಾರರ ಬದಲಾವಣೆಯಾಗಲಿ, ಮಾಸಿಕ ಅವಸರವಾಗಲಿ ಕಾರಣವಾಗಲಾರದು. ಕ್ರ್ಯಾಡಕ್ ಮನುಷ್ಯನಾಗಿಯೇ ಉಳಿಯಲು ಒಂದು ಚೌಕವೂ ಹೆಚ್ಚಿಗೆ ಬೇಕಿರಲಿಲ್ಲ. ಕಥೆ ಎತ್ತಿದ ಪ್ರಶ್ನೆಗೆ ಕಥೆಯೇ ಹೆದರಿತು ಎಂದು ಹೇಳಬೇಕಾಗುತ್ತದೆ. ಓದುಗರು ಸಾಮಾನ್ಯವಾಗಿ ಬೊಟ್ಟುಮಾಡುವ ಏರುಪೇರುಗಳು ಇದರ ಮುಂದೆ ಕ್ಷುಲ್ಲಕ. ಆದರೆ ಈ ಜಾಗದಲ್ಲಿ ಓಟ ಬಿಗಿಯಾಗಿರುವುದರಿಂದ, ತಿರುವು ಚುರುಕಾಗಿರುವುದರಿಂದ, ಇದು ಅವರ ಕಣ್ಣಿಗೆ ಬೀಳುವುದಿಲ್ಲ.

ಮುಕ್ತಾಯದ ಬಗೆಗೆ ದೂರು ಇನ್ನೂ ಹೆಚ್ಚು. ಎರಡು ಸಾಮ್ರಾಜ್ಯಗಳ ನೌಕಾಬಲಗಳು ಎದುರುಬದುರಾಗಿರುವಾಗ ಅವೆಂಜರ್ಸ್ ಕೂಟ ನಿರ್ಣಾಯಕವಾದ ಏನನ್ನೂ ಮಾಡುವುದಿಲ್ಲ. ಕ್ರೀ ಸಾಮ್ರಾಜ್ಯದ ‘ಸುಪ್ರೀಮ್ ಇಂಟೆಲಿಜೆನ್ಸ್’ ಎಂಬ ಸಾಮೂಹಿಕ ಬುದ್ಧಿ ರಿಕ್ ಜೋನ್ಸ್‌ನ ಮನಸ್ಸಿನಲ್ಲಿ ಹುದುಗಿದ್ದ ಶಕ್ತಿಯನ್ನು ಎಚ್ಚರಿಸುತ್ತದೆ. ಅವನು ಬಾಲ್ಯದಲ್ಲಿ ಓದಿದ್ದ ಚಿತ್ರಕಥೆಗಳ ನಾಯಕರು, ಎಂದರೆ 1940ರ ದಶಕದ ಹಳೆಯ ವೀರರು, ಅವನ ನೆನಪಿನಿಂದ ಮೈತಳೆದು ಬಂದು ಹೋರಾಡುತ್ತಾರೆ. ಮತ್ತೆ ಅವನದೇ ಮನೋಬಲದಿಂದ ಎರಡೂ ಸೈನ್ಯಗಳು ಇದ್ದಲ್ಲೇ ಸ್ತಬ್ಧವಾಗುತ್ತವೆ. ಬಳಲಿ ಸಾವಿನಂಚಿಗೆ ಬಂದ ತರುಣನನ್ನು ಉಳಿಸಲು ಕ್ಯಾಪ್ಟನ್ ಮಾರ್ವೆಲ್ ಮತ್ತೆ ಅವನೊಡನೆ ಬೆಸೆದುಕೊಳ್ಳುತ್ತಾನೆ. ಎಂಟು ಸಂಚಿಕೆ ಕಾಲ ಸಿದ್ಧಪಡಿಸಿದ ವೀರಕೂಟ ಒಂಬತ್ತನೆಯದರಲ್ಲಿ ಪ್ರೇಕ್ಷಕವರ್ಗವಾಯಿತು. ಅಂಗಿಯಾದ ವಸ್ತುವನ್ನು ಅಂಗ ನುಂಗಿತು ಎಂದು ಅಲಂಕಾರಶಾಸ್ತ್ರದ ಮಾತಿನಲ್ಲಿ ಆಕ್ಷೇಪಿಸಬಹುದು.

ಆದರೆ ಈ ಆಕ್ಷೇಪದಲ್ಲಿ ನಾವು ಪೂರ್ಣವಾಗಿ ಪಾಲುಗೊಳ್ಳಲಾರೆವು. ರಿಕ್ ಜೋನ್ಸ್ ಯಾರು? ಯಾವ ಶಕ್ತಿಯೂ ಇಲ್ಲದೆ ವೀರರ ಹಿಂದೆ ಮುಂದೆ ಸುಳಿದಾಡುವವನು, ಎಂದರೆ ಓದುಗ. ಅವನು ಕರೆದ ಹಳೆಯ ವೀರರು ಯಾರು? ಬಾಲಕನಾಗಿದ್ದಾಗ ಥಾಮಸ್ ಅವರೇ ಓದಿದಂಥ ಪತ್ರಿಕೆಗಳಿಂದ ಎದ್ದವರು. ಮುಂದೆ 1975ರಲ್ಲಿ ‘ಇನ್ವೇಡರ್ಸ್’, 1981ರಲ್ಲಿ ‘ಆಲ್-ಸ್ಟಾರ್ ಸ್ಕ್ವಾಡ್ರನ್’ ಎಂಬ ಸರಣಿಗಳನ್ನು ಕಟ್ಟಿ ಅವರು ಬೇರೆ ಬೇರೆ ಪ್ರಕಾಶಕರಲ್ಲಿ ಅದೇ ದಶಕಕ್ಕೆ ಮರಳಿದರು. ಹೀಗೆ ನೋಡಿದಾಗ 97ನೆಯ ಸಂಚಿಕೆ ಯುದ್ಧಕಥೆಯ ಮುಕ್ತಾಯವಾಗಿ ದುರ್ಬಲವಾದರೂ ಕರ್ತೃವಿನ ಆತ್ಮಕಥನವಾಗಿ ನಿಲ್ಲುತ್ತದೆ. ಅಸಮತೆ ಇಲ್ಲಿ ಮುಚ್ಚುಮರೆಯಿಲ್ಲದ ಪ್ರೀತಿಯಿಂದ ಬಂದದ್ದು. ಕ್ರ್ಯಾಡಕ್ ಪ್ರಸಂಗದೊಡನೆ ಇದನ್ನು ಒಂದೇ ತಕ್ಕಡಿಯಲ್ಲಿಟ್ಟು ‘ಕಥೆ ಏರುಪೇರಾಗಿದೆ’ ಎಂದುಬಿಟ್ಟರೆ ಎರಡಕ್ಕೂ ಅನ್ಯಾಯ.

ಇನ್ನು ಪಾಠದ ವಿಚಾರ. ರಾಜ್ಯದ ಹೊರಗಿರುವ ಸಂಶೋಧಕರಿಗೆ ಇದು ಉಪಯುಕ್ತವಾದೀತು. ‘ಕ್ರೀ–ಸ್ಕ್ರಲ್ ಯುದ್ಧ’ ಎಂಬ ಒಟ್ಟು ಹೆಸರು ಆರಂಭದ ಸಂಚಿಕೆಗಳ ಮೇಲೆ ಇಲ್ಲ. 1983ರಲ್ಲಿ ಎರಡು ಭಾಗಗಳಾಗಿ ಮರುಮುದ್ರಣವಾದಾಗ ಅದರಲ್ಲಿ ಸೇರಿದ್ದು 93ರಿಂದ 97ರವರೆಗಿನ ಸಂಚಿಕೆಗಳು. ಎಂದರೆ ಆಡಮ್ಸ್ ಬಂದಲ್ಲಿಂದ ಕಥೆ ಶುರು. 2000ದಲ್ಲಿ ಬಂದ ಪುಸ್ತಕದಲ್ಲಿ 89ರಿಂದ 97ರವರೆಗೆ ಒಂಬತ್ತೂ ಇವೆ. ಮೊದಲ ಪರಿಷ್ಕರಣವನ್ನು ಓದಿದವನಿಗೆ ಕ್ರ್ಯಾಡಕ್‌ನ ವಿಚಾರಣೆಯ ಸಂಚಿಕೆಯೇ ಇಲ್ಲ; ಅವನಿಗೆ ಈ ಕೃತಿ ಬಹುಮಟ್ಟಿಗೆ ಸಮವಾಗಿ ಕಾಣುವುದರಲ್ಲಿ ಆಶ್ಚರ್ಯವಿಲ್ಲ. ಎರಡನೆಯದನ್ನು ಓದಿದವನಿಗೆ ಏರುಪೇರೂ ಕಾಣುತ್ತದೆ, ಪ್ರಶ್ನೆಯೂ ಕಾಣುತ್ತದೆ. ಆದುದರಿಂದ ಈ ಕಥೆಯ ಬಗ್ಗೆ ಯಾರಾದರೂ ತೀರ್ಪು ಕೊಟ್ಟಾಗ ಯಾವ ಮುದ್ರಣವನ್ನು ನೋಡಿ ಕೊಟ್ಟರೆಂದು ಮೊದಲು ವಿಚಾರಿಸಬೇಕು. ಹಸ್ತಪ್ರತಿಯನ್ನು ಹೆಸರಿಸದೆ ಪಾಠಾಂತರವನ್ನು ಚರ್ಚಿಸುವುದನ್ನು ನಾವು ಒ‍ಪ್ಪುವೆವೆ? ಮುಂಬಯಿಯ ಫ್ಲೋರಾ ಫೌಂಟನ್ ಬಳಿಯ, ದೆಹಲಿಯ ದರಿಯಾಗಂಜ್‌ನ ಹಳೆಯ ಪುಸ್ತಕಗಳ ಸಾಲಿನಲ್ಲಿ ಬಿಡಿಬಿಡಿಯಾಗಿ ಚಿತ್ರಕಥೆಗಳನ್ನು ಕೊಂಡು ಓದಿದ ಪೀಳಿಗೆಯ ಅನುಭವವಂತೂ ಮೂರನೆಯ ಬಗೆಯದು. ಅವರ ಪಾಲಿಗೆ ಯಾವ ಕಥೆಯೂ ಮೊದಲಿನಿಂದ ಕೊನೆಯವರೆಗೆ ಸಿಕ್ಕಿರಲಾರದು. ಕನ್ನಡವೂ ಸೇರಿದಂತೆ ಹಲವು ಭಾರತೀಯ ಭಾಷೆಗಳಲ್ಲಿ ಬರುತ್ತಿದ್ದ, 1964ರಲ್ಲಿ ಮುಂಬಯಿಯಲ್ಲಿ ಆರಂಭವಾಗಿ 1990ರಲ್ಲಿ ನಿಂತ ಇಂದ್ರಜಾಲ ಕಾಮಿಕ್ಸ್ ಮಾಲೆಯ ಮುಖ್ಯ ಆಕರ್ಷಣೆಯಾದರೂ ಫ್ಯಾಂಟಮ್, ಮ್ಯಾಂಡ್ರೇಕ್‌ರಂಥ ಏಕನಾಯಕರು. ವೀರಕೂಟದ ರೂಪಕ್ಕೆ ಕನ್ನಡದ ಓದುಗ ಒಗ್ಗಿಕೊಳ್ಳುವ ಸಂದರ್ಭವೇ ಕಡಿಮೆಯಾಗಿತ್ತು.

ಸಂಪುಟದ ಅಂಚಿನ ಬಗೆಗೂ ಒಂದು ಮಾತು. ಕಥೆಯಲ್ಲಿ ಗೋಲಿಯಾತ್ ಎನಿಸಿಕೊಂಡ ಕ್ಲಿಂಟ್ ಬಾರ್ಟನ್, ದೈತ್ಯಾಕಾರ ತಾಳುವ ಶಕ್ತಿಯನ್ನು ನಡುವೆ ಕಳೆದುಕೊಂಡು, ಬರಿಗೈಯಲ್ಲಿ ಸ್ಕ್ರಲ್ ನೌಕೆಯೊಂದನ್ನು ತಡೆಯಲು ಹೋಗುತ್ತಾನೆ. ಯುದ್ಧ ನಿಂತ ಮೇಲೆ ಕೂಟದವರು ಎಣಿಸಿ ನೋಡಿದರೆ ಅವನಿಲ್ಲ. 2000ದ ಪುಸ್ತಕ ಅಲ್ಲಿಗೆ ಮುಗಿಯುತ್ತದೆ. ಅವನು ಮರಳಿ ಬರುವುದು 98ನೆಯ ಸಂಚಿಕೆಯಲ್ಲಿ, ಮತ್ತೆ ತನ್ನ ಹಳೆಯ ಬಿಲ್ಲು ಹಿಡಿದು. ಅದರ ಚಿತ್ರಕಾರ ಬ್ಯಾರಿ ಸ್ಮಿತ್, ನಾಲ್ಕನೆಯ ಕೈ.